ನಂಬಿಕೆಯಾ, ಕ್ರಿಯೆಯಾ? ಎರಡು ವಚನಗಳು ಎದುರುಬದುರು ನಿಂತಾಗ ಓದುವುದು ಹೇಗೆ

ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ 3:28 (3ನೇ ಅಧ್ಯಾಯದ 28ನೇ ವಚನ) ತೆಗೆಯಿರಿ. ಧರ್ಮಶಾಸ್ತ್ರದ (ಮೋಶೆಯ ಮೂಲಕ ಯೆಹೂದ್ಯರಿಗೆ ಸಿಕ್ಕ ನಿಯಮಗಳ) ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಮನುಷ್ಯ ನೀತಿವಂತ ಎನಿಸಿಕೊಳ್ಳುತ್ತಾನೆ ಅಂತ ಅಪೊಸ್ತಲ ಪೌಲ ಹೇಳುತ್ತಾನೆ. ಈಗ ಯಾಕೋಬನ ಪತ್ರಿಕೆಯ 2:24ಕ್ಕೆ ಬನ್ನಿ. ನಂಬಿಕೆಯಿಂದ ಮಾತ್ರ ಅಲ್ಲ, ಕ್ರಿಯೆಗಳಿಂದ ಮನುಷ್ಯ ನೀತಿವಂತ ಎನಿಸಿಕೊಳ್ಳುತ್ತಾನೆ ಅಂತ ಅಲ್ಲಿದೆ. ಇಬ್ಬರೂ ಯೆಹೂದ್ಯರ ಮೂಲಪುರುಷನಾದ ಅದೇ ಅಬ್ರಹಾಮನನ್ನು ಸಾಕ್ಷಿಗೆ ಕರೆಯುತ್ತಾರೆ. ಇಬ್ಬರೂ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಅದೇ ಒಂದು ವಚನವನ್ನು ಎತ್ತಿ ತೋರಿಸುತ್ತಾರೆ. ಮೊದಲ ಸಲ ಇದು ಕಣ್ಣಿಗೆ ಬಿದ್ದಾಗ ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಇಂಥ ಜಾಗಕ್ಕೆ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ತಮಗೆ ಇಷ್ಟವಾದ ವಚನ ಹಿಡಿದುಕೊಂಡು ಇನ್ನೊಂದನ್ನು ಓದದೆ ಬಿಡುತ್ತಾರೆ. ಇಲ್ಲಾಂದ್ರೆ "ಎರಡೂ ಬೇಕು ಬಿಡಿ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎರಡನೆಯದು ತಪ್ಪೇನಲ್ಲ, ಆದರೆ ಆ ಮಾತಿನಿಂದ ಪೌಲನೂ ಅರ್ಥ ಆಗುವುದಿಲ್ಲ, ಯಾಕೋಬನೂ ಅರ್ಥ ಆಗುವುದಿಲ್ಲ. ನಾನು ವರ್ಷಗಟ್ಟಲೆ ಓದಿ, ಚಿಕ್ಕ ಗುಂಪುಗಳಲ್ಲಿ ಕೂತು ಚರ್ಚೆ ಮಾಡಿ ಕಂಡುಕೊಂಡ ದಾರಿ ಒಂದಿದೆ. ವಚನ ಏನು ಹೇಳುತ್ತದೆ ಅಂತ ಕೇಳುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅಂತ ಕೇಳಬೇಕು. ಅದನ್ನೇ ಹಂತ ಹಂತವಾಗಿ ಬರೆಯುತ್ತೇನೆ. ಒಂದು ನೋಟ್‌ಬುಕ್, ಪೆನ್ನು ಮತ್ತು ಸತ್ಯವೇದ ಪಕ್ಕದಲ್ಲಿಟ್ಟುಕೊಳ್ಳಿ.

ಹಂತ 1: ವಚನದ ಸಂಖ್ಯೆ ಮರೆತು ಪತ್ರಿಕೆ ಪೂರ್ತಿ ಓದಿ

ಪೌಲ 3:28 ಅಂತ ನಂಬರ್ ಹಾಕಿ ಬರೆಯಲಿಲ್ಲ. ಅಧ್ಯಾಯಗಳ ವಿಭಾಗ ಬಂದಿದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯಲ್ಲಿ ಈಗ ನಾವು ಬಳಸುವ ವಚನ ಸಂಖ್ಯೆಗಳನ್ನು ರಾಬೆರ್ ಎಸ್ತಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ. ಅಂದ್ರೆ ಸುಮಾರು 1500 ವರ್ಷ ಜನ ಈ ಪತ್ರಿಕೆಗಳನ್ನು ಇಂಥ ನಂಬರ್ ಇಲ್ಲದೆಯೇ ಓದಿದರು, ಓದಿಸಿ ಕೇಳಿದರು. ಒಂದು ವಚನವನ್ನು ಕಿತ್ತು ಇನ್ನೊಂದರ ಮೇಲೆ ಕಲ್ಲಿನ ಹಾಗೆ ಎಸೆಯುವ ಅಭ್ಯಾಸಕ್ಕೆ ಈ ಸಂಖ್ಯೆಗಳು ತುಂಬಾ ಸಹಾಯ ಮಾಡಿವೆ.

ಯಾಕೋಬನ ಪತ್ರಿಕೆಯಲ್ಲಿ ಇರುವುದು 5 ಅಧ್ಯಾಯ, 108 ವಚನ. ಗಲಾತ್ಯದವರಿಗೆ ಬರೆದದ್ದು 6 ಅಧ್ಯಾಯ, 149 ವಚನ. ಎರಡನ್ನೂ ಒಂದೇ ಸಂಜೆ ಓದಿ ಮುಗಿಸಬಹುದು. ಓದುವಾಗ ಒಂದೇ ಕೆಲಸ ಮಾಡಿ: ಬರೆದವನಿಗೆ ಯಾರ ಮೇಲೆ, ಯಾತಕ್ಕೆ ಸಂಕಟ ಅಂತ ಗುರುತು ಹಾಕಿ.

ಗಲಾತ್ಯದಲ್ಲಿ ಅದು ಬೇಗ ಸಿಗುತ್ತದೆ. ಯೆಹೂದ್ಯರಲ್ಲದವರು ಯೇಸುವನ್ನು ನಂಬಿದರೂ ಸಾಲದು, ಸುನ್ನತಿ ಮಾಡಿಸಿಕೊಳ್ಳಬೇಕು ಅಂತ ಕೆಲವರು ಒತ್ತಾಯ ಮಾಡುತ್ತಿದ್ದರು. 2ನೇ ಅಧ್ಯಾಯದಲ್ಲಿ ಜಗಳ ಊಟದ ಪಂಕ್ತಿಗೇ ಬಂದುಬಿಡುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದವನು, ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಹೆದರಿ ಎದ್ದು ಹೋದ. ಪೌಲ ಎಲ್ಲರ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡ. ಅದರ ಬೆನ್ನಲ್ಲೇ ಬರುತ್ತದೆ ಆ ಪ್ರಸಿದ್ಧ ಮಾತು, 2:16: ಧರ್ಮಶಾಸ್ತ್ರದ ಕ್ರಿಯೆಗಳಿಂದ ಅಲ್ಲ, ಯೇಸು ಕ್ರಿಸ್ತನನ್ನು ನಂಬುವುದರಿಂದಲೇ ಮನುಷ್ಯ ನೀತಿವಂತ ಎನಿಸಿಕೊಳ್ಳುತ್ತಾನೆ. ಪೌಲನ ಪ್ರಶ್ನೆ ಇದು: ದೇವರ ಮನೆಯ ಊಟಕ್ಕೆ ಕೂರಲು ಒಬ್ಬನಿಗೆ ಯಾವ ಗುರುತು ಬೇಕು?

ಯಾಕೋಬನ 2ನೇ ಅಧ್ಯಾಯ ಬೇರೆಯೇ ದೃಶ್ಯದಿಂದ ಶುರುವಾಗುತ್ತದೆ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಮೈಮೇಲೆ ಒಳ್ಳೆಯ ಬಟ್ಟೆ. ಇನ್ನೊಬ್ಬನದು ಕೊಳಕು ಬಟ್ಟೆ. ಮೊದಲನೆಯವನಿಗೆ "ಬನ್ನಿ, ಇಲ್ಲಿ ಕೂತ್ಕೊಳ್ಳಿ". ಎರಡನೆಯವನಿಗೆ "ನೀನು ಅಲ್ಲಿ ನಿಂತ್ಕೋ, ಇಲ್ಲಾ ನನ್ನ ಕಾಲ ಹತ್ರ ಕೂತ್ಕೋ". ಸ್ವಲ್ಪ ಮುಂದೆ 15 ಮತ್ತು 16ನೇ ವಚನದಲ್ಲಿ ಸಹೋದರನೋ ಸಹೋದರಿಯೋ ಬಟ್ಟೆಯಿಲ್ಲದೆ, ಅವತ್ತಿನ ಊಟಕ್ಕೂ ಗತಿಯಿಲ್ಲದೆ ನಿಂತಿದ್ದಾರೆ. ಅವರಿಗೆ "ಸಮಾಧಾನವಾಗಿ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ" ಅಂತ ಆಶೀರ್ವಾದ ಮಾಡಿ ಕಳಿಸುತ್ತಾರೆ. ಕೊಡುವುದು ಏನೂ ಇಲ್ಲ. ಈ ಎರಡು ವಚನಗಳನ್ನು ನಿಧಾನವಾಗಿ ಓದಿ. ಆ ಮಾತಿನಲ್ಲಿ ಒಂದು ಕೆಟ್ಟ ಪದವೂ ಇಲ್ಲ. ಪ್ರೀತಿಯ ಮಾತೇ. ಬೆಚ್ಚಗಿರಿ ಅಂದ ಬಾಯಿಗೂ ಕಂಬಳಿ ಕೊಡದ ಕೈಗೂ ನಡುವೆ ಇರುವ ಆ ಜಾಗವನ್ನೇ ಯಾಕೋಬ ಸತ್ತ ನಂಬಿಕೆ ಅನ್ನುತ್ತಾನೆ. ಅವನ ಪ್ರಶ್ನೆ: ಆಗಲೇ ಒಳಗೆ ಕೂತಿದ್ದೀಯಲ್ಲ, ನಿನ್ನ ನಂಬಿಕೆಗೆ ಉಸಿರು ಇದೆಯಾ?

ಇಬ್ಬರೂ ಒಂದೇ ಪ್ರಶ್ನೆಗೆ ಎದುರು ಉತ್ತರ ಕೊಟ್ಟಿದ್ದರೆ ಅದು ನಿಜವಾದ ಜಗಳ. ಇಲ್ಲಿ ಪ್ರಶ್ನೆಗಳೇ ಬೇರೆ.

ಹಂತ 2: ಮೂರು ಪದಗಳ ಕೆಳಗೆ ಗೆರೆ ಎಳೆಯಿರಿ

ನಂಬಿಕೆ, ಕ್ರಿಯೆ, ನೀತಿವಂತ. ಪ್ರತಿ ಸಲ ಈ ಪದ ಬಂದಾಗ ಬರೆದವನು ಅದನ್ನು ಯಾವ ಅರ್ಥದಲ್ಲಿ ಬಳಸಿದ್ದಾನೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ನಂಬಿಕೆಯಿಂದ ಶುರು ಮಾಡೋಣ. ಯಾಕೋಬ 2:19ರಲ್ಲಿ ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅನ್ನುತ್ತಾನೆ. ಅಲ್ಲಿ ನಂಬಿಕೆ ಅಂದರೆ ಒಂದು ಸಂಗತಿ ನಿಜ ಅಂತ ಒಪ್ಪಿಕೊಳ್ಳುವುದು, ಅಷ್ಟೇ. ಪೌಲ ಆ ಅರ್ಥದಲ್ಲಿ ಎಲ್ಲಿ ಹೇಳಿದ್ದಾನೆ? ಅವನಿಗೆ ನಂಬಿಕೆ ಅಂದರೆ ತನ್ನನ್ನೇ ಒಪ್ಪಿಸಿಕೊಡುವುದು. ರೋಮಾ 1:5ರಲ್ಲಿ ಅವನು ನಂಬಿಕೆಯನ್ನೂ ವಿಧೇಯತೆಯನ್ನೂ ಒಂದೇ ಮಾತಿನಲ್ಲಿ ಜೋಡಿಸುತ್ತಾನೆ, ಪತ್ರಿಕೆ ಮುಗಿಸುವಾಗ 16:26ರಲ್ಲಿ ಮತ್ತೆ ಅದೇ ಜೋಡಿ. ಗ್ರೀಕಿನ ಪಿಸ್ಟಿಸ್ ಎಂಬ ಪದಕ್ಕೆ ನಂಬಿಕೆ ಅನ್ನುವ ಅರ್ಥವೂ ಇದೆ, ನಂಬಿಗಸ್ತಿಕೆ ಅನ್ನುವ ಅರ್ಥವೂ ಇದೆ.

ಹೀಬ್ರೂ ಪದ ಇನ್ನೂ ಚೆನ್ನಾಗಿದೆ. ನೀತಿವಂತ ತನ್ನ ನಂಬಿಕೆಯಿಂದ ಬದುಕುತ್ತಾನೆ ಅನ್ನುವ ಪ್ರವಾದಿ ಹಬಕ್ಕೂಕನ 2:4ರ ಮಾತು ಹೊಸ ಒಡಂಬಡಿಕೆಯಲ್ಲಿ ಮೂರು ಕಡೆ ಬರುತ್ತದೆ: ರೋಮಾ 1:17, ಗಲಾತ್ಯ 3:11, ಇಬ್ರಿಯ 10:38. ಹಬಕ್ಕೂಕನಲ್ಲಿರುವ ಮೂಲ ಹೀಬ್ರೂ ಪದ ಎಮುನಾ. ಇದೇ ಪದ ವಿಮೋಚನಕಾಂಡ 17:12ರಲ್ಲೂ ಇದೆ. ಯುದ್ಧ ನಡೆಯುತ್ತಿದೆ. ಗುಡ್ಡದ ಮೇಲೆ ಮೋಶೆ ಕೈ ಎತ್ತಿ ನಿಂತಿದ್ದಾನೆ, ಕೈ ಸೋತು ಕೆಳಗೆ ಬರುತ್ತಿದೆ. ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈಗಳನ್ನು ಎತ್ತಿ ಹಿಡಿದರು, ಸೂರ್ಯ ಮುಳುಗುವವರೆಗೂ ಆ ಕೈಗಳು ಎಮುನಾ ಆಗಿದ್ದವು. ಅಂದ್ರೆ ಅಲುಗಾಡದೆ ನಿಂತವು. ಆ ಸೋತ ಕೈಗಳನ್ನು ಕಣ್ಣ ಮುಂದೆ ತಂದುಕೊಂಡು ಹಬಕ್ಕೂಕನ ವಚನ ಮತ್ತೆ ಓದಿ. ತಲೆಯೊಳಗಿನ ಒಪ್ಪಿಗೆ ಮಾತ್ರ ಅಲ್ಲ ಅದು ಅಂತ ಆಗ ಹೊಳೆಯುತ್ತದೆ. ಇನ್ನೊಬ್ಬರು ಹಿಡಿದುಕೊಂಡಿದ್ದಕ್ಕೇ ಆ ಕೈ ನಿಂತದ್ದು ಅನ್ನುವುದೂ ನನಗೆ ತುಂಬಾ ಸಮಾಧಾನ ಕೊಡುವ ವಿಷಯ.

ಕ್ರಿಯೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಪೌಲ ರೋಮಾ 3ರಲ್ಲೂ ಗಲಾತ್ಯ 2ರಲ್ಲೂ ಸುಮ್ನೆ ಕ್ರಿಯೆ ಅನ್ನುವುದಿಲ್ಲ, ಧರ್ಮಶಾಸ್ತ್ರದ ಕ್ರಿಯೆ ಅನ್ನುತ್ತಾನೆ. ಸುನ್ನತಿಯ ಜಗಳ ಅದರ ಹಿಂದೆ ಇದೆ. ಆದರೆ ಅದನ್ನು ಅಷ್ಟಕ್ಕೇ ಕಟ್ಟಿಹಾಕಲೂ ಬೇಡಿ, ಯಾಕಂದರೆ ರೋಮಾ 4:4ರಲ್ಲಿ ಅವನು ಕೂಲಿಯ ಮಾತು ತೆಗೆಯುತ್ತಾನೆ: ಕೆಲಸ ಮಾಡಿದವನಿಗೆ ಕೊಡುವ ಕೂಲಿ ಉಪಕಾರ ಅಲ್ಲ, ಸಲ್ಲಬೇಕಾದ ಬಾಕಿ. ದೇವರು ತನಗೆ ಬಾಕಿ ಇದ್ದಾನೆ ಅನ್ನುವ ಲೆಕ್ಕವೇ ಪೌಲನಿಗೆ ಆಗದ ವಿಷಯ. ಯಾಕೋಬ ಹೇಳುವ ಕ್ರಿಯೆಯಲ್ಲಿ ಈ ಲೆಕ್ಕ ಇಲ್ಲ. ಅಲ್ಲಿರುವುದು ಊಟ, ಬಟ್ಟೆ, ಮನೆಗೆ ಬಂದವರನ್ನು ಬಚ್ಚಿಟ್ಟು ಕಾಪಾಡಿದ ಒಬ್ಬ ಹೆಂಗಸು.

ನೀತಿವಂತ ಎನಿಸಿಕೊಳ್ಳುವುದಕ್ಕೂ ಎರಡು ಬಣ್ಣ ಇದೆ. ನ್ಯಾಯಾಧೀಶ ತೀರ್ಪು ಹೇಳುವ ಹಾಗೆ ನೀತಿವಂತ ಅಂತ ಘೋಷಿಸುವುದು ಒಂದು. ಸರಿ ಅಂತ ಎಲ್ಲರಿಗೂ ತೋರಿಬರುವುದು ಇನ್ನೊಂದು. ಲೂಕ 7:35ರಲ್ಲಿ ಜ್ಞಾನ ತನ್ನ ಮಕ್ಕಳಿಂದ ಸರಿ ಅಂತ ಗೊತ್ತಾಗುತ್ತದೆ ಅನ್ನುವಲ್ಲಿ ಮೂಲದಲ್ಲಿರುವುದು ಇದೇ ಕ್ರಿಯಾಪದ. ಯಾಕೋಬ ಈ ಎರಡನೆಯ ಅರ್ಥಕ್ಕೆ ಹತ್ತಿರ ಇದ್ದಾನೆ ಅಂತ ಹಲವರು ಓದುತ್ತಾರೆ. ನನಗೂ ಹಾಗೇ ಅನಿಸುತ್ತದೆ, ಆದರೆ ಇದೊಂದೇ ಕೀಲಿಯಿಂದ ಎಲ್ಲಾ ಬೀಗ ತೆಗೆಯಲು ಹೋಗಬೇಡಿ.

ಹಂತ 3: ಅಬ್ರಹಾಮನ ಬದುಕನ್ನು ಒಂದು ಗೆರೆಯ ಮೇಲೆ ಇಡಿ

ಒಂದೇ ಹಂತಕ್ಕೆ ಸಮಯ ಇದೆ ಅಂದರೆ ಇದನ್ನೇ ಮಾಡಿ. ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಆದಿಕಾಂಡ ಕೊಡುವ ವಯಸ್ಸುಗಳನ್ನು ಅದರ ಮೇಲೆ ಬರೆಯಿರಿ.

ಅಬ್ರಹಾಮ ಖಾರಾನ್ ಊರಿನಿಂದ ಹೊರಟಾಗ 75 ವರ್ಷ (12:4). ದಾಸಿ ಹಾಗರಳಿಂದ ಮಗ ಇಷ್ಮಾಯೇಲ ಹುಟ್ಟಿದಾಗ 86 (16:16). ಸುನ್ನತಿ ಆದಾಗ 99 (17:24). ಹೆಂಡತಿ ಸಾರಳಿಂದ ಮಗ ಇಸಾಕ ಹುಟ್ಟಿದಾಗ 100 (21:5).

ಈಗ 15:6ನ್ನು ಗೆರೆಯ ಮೇಲೆ ಎಲ್ಲಿ ಇಡುತ್ತೀರಿ? ಅವನು ದೇವರನ್ನು ನಂಬಿದ, ದೇವರು ಅದನ್ನು ನೀತಿ ಅಂತ ಎಣಿಸಿದ ಅನ್ನುವ ಆ ವಚನ 75ಕ್ಕೂ 86ಕ್ಕೂ ನಡುವೆ ಬರುತ್ತದೆ. ರಾತ್ರಿ, ಹೊರಗೆ ನಿಂತು ನಕ್ಷತ್ರ ನೋಡುತ್ತಿದ್ದಾನೆ, ಮಕ್ಕಳಿಲ್ಲ, ಕೈಯಲ್ಲಿ ಇರುವುದು ನಿನ್ನ ಸಂತಾನ ಇಷ್ಟಾಗುತ್ತದೆ ಅನ್ನುವ ದೇವರ ಒಂದು ಮಾತು ಮಾತ್ರ. ಪೌಲ ಬೆರಳಿಡುವುದು ಇಲ್ಲಿ. ರೋಮಾ 4:10ರಲ್ಲಿ ಅವನು ನೇರವಾಗಿ ಕೇಳುತ್ತಾನೆ: ಇದು ಸುನ್ನತಿ ಆಗುವ ಮೊದಲೋ, ಆದ ಮೇಲೋ? ನಿಮ್ಮ ಗೆರೆ ನೋಡಿ. ಮೊದಲು. ಹದಿಮೂರು ವರ್ಷಕ್ಕೂ ಮೊದಲು.

ಯಾಕೋಬ ಬೆರಳಿಡುವುದು ಗೆರೆಯ ಇನ್ನೊಂದು ತುದಿಯಲ್ಲಿ, ದೇವರ ಮಾತಿಗೆ ಓಗೊಟ್ಟು ಅಬ್ರಹಾಮ ಇಸಾಕನನ್ನೇ ಬಲಿ ಕೊಡಲು ಹೊರಟ 22ನೇ ಅಧ್ಯಾಯದಲ್ಲಿ. ಇಸಾಕ ಆಗ ಸೌದೆ ಹೊತ್ತು ಬೆಟ್ಟ ಹತ್ತುವಷ್ಟು ದೊಡ್ಡವನು. ಅಂದ್ರೆ ನಕ್ಷತ್ರದ ರಾತ್ರಿಗೂ ಬೆಟ್ಟದ ಬೆಳಗಿಗೂ ನಡುವೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಂತರ. ಯಾಕೋಬ 15:6ನ್ನು ಅಳಿಸುವುದಿಲ್ಲ. ಬೆಟ್ಟದ ಮೇಲೆ ನಡೆದದ್ದರಿಂದ ಆ ಬರಹ ನೆರವೇರಿತು, ನಂಬಿಕೆ ಪೂರ್ತಿಯಾಯಿತು ಅನ್ನುತ್ತಾನೆ (2:22, 23).

ಇನ್ನೊಂದು ಸಂಗತಿ ಈ ಗೆರೆಯಿಂದಲೇ ಸಿಗುತ್ತದೆ. ಆ ಎರಡು ತುದಿಗಳ ನಡುವೆ ಏನೇನಿದೆ ನೋಡಿ. 16ರಲ್ಲಿ ಹಾಗರಳ ಕಥೆ, ದೇವರ ಮಾತಿಗೆ ಕಾಯಲಾರದೆ ತಾನೇ ದಾರಿ ಹುಡುಕಿದ್ದು. 17:17ರಲ್ಲಿ ನೂರು ವರ್ಷದವನಿಗೆ ಮಗುವೇ ಅಂತ ಅಬ್ರಹಾಮ ನೆಲಕ್ಕೆ ಬಿದ್ದು ನಕ್ಕಿದ್ದು. 20ರಲ್ಲಿ ಹೆದರಿಕೆಯಿಂದ ಸಾರಳನ್ನು ತಂಗಿ ಅಂತ ಹೇಳಿ ಬೇರೆ ರಾಜನ ಕೈಗೆ ಬಿಟ್ಟಿದ್ದು, ಅದೂ ಎರಡನೇ ಸಲ. ನೀತಿವಂತ ಅಂತ ಎಣಿಸಿಕೊಂಡ ಮನುಷ್ಯ ಇವನು. ಬೆಟ್ಟದ ವಿಧೇಯತೆ ಒಂದೇ ದಿನದಲ್ಲಿ ಬರಲಿಲ್ಲ. ನನಗೆ ಈ ನಡುವಿನ ಅಧ್ಯಾಯಗಳು ತುದಿಗಳಷ್ಟೇ ಮುಖ್ಯ, ಯಾಕಂದರೆ ನಮ್ಮಲ್ಲಿ ಹೆಚ್ಚಿನವರು ಬದುಕುತ್ತಿರುವುದು ಅಲ್ಲೇ.

ಮನೆಗೆ ಬಂದವರನ್ನು ಬಚ್ಚಿಟ್ಟ ಆ ಹೆಂಗಸು, ಯೆರಿಕೋವಿನ ರಾಹಾಬಳನ್ನೂ ಹೀಗೇ ನೋಡಬಹುದು. ಯೆಹೋಶುವ 2ನೇ ಅಧ್ಯಾಯದಲ್ಲಿ ಅವಳು ಇಸ್ರಾಯೇಲ್ಯರ ಗೂಢಚಾರರನ್ನು ಮಾಳಿಗೆಯ ಮೇಲೆ ಹರಡಿದ್ದ ಅಗಸೆ ಕಡ್ಡಿಗಳ ಕೆಳಗೆ ಬಚ್ಚಿಡುತ್ತಾಳೆ, ಕಿಟಕಿಗೆ ಕೆಂಪು ದಾರ ಕಟ್ಟುತ್ತಾಳೆ. ಇಬ್ರಿಯ 11:31 ಇದನ್ನು ನಂಬಿಕೆ ಅನ್ನುತ್ತದೆ. ಯಾಕೋಬ 2:25 ಕ್ರಿಯೆ ಅನ್ನುತ್ತದೆ. ಮಾಡಿದ ಕೆಲಸ ಒಂದೇ.

ಹಂತ 4: ಪೌಲನ ಬಾಯಿಂದಲೇ ಯಾಕೋಬನ ಮಾತು ಕೇಳಿ

ಎಫೆಸ 2:8 ಮತ್ತು 9 ಬಾಯಿಪಾಠ ಇರುವವರು ತುಂಬಾ ಜನ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಯಾರೂ ಹೊಗಳಿಕೊಳ್ಳಬಾರದು. 10ನೇ ವಚನಕ್ಕೆ ಬಂದರೆ ನಿಂತುಬಿಡುತ್ತಾರೆ. ಅಲ್ಲಿ ಒಳ್ಳೆಯ ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಅಂತಿದೆ. ಗಲಾತ್ಯ 5:6 ಓದಿ, ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ. ತೀತ 3:5ರ ಪಕ್ಕ 3:8 ಇಡಿ. ರೋಮಾ 6:1 ಓದಿ, ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಾ ಇರೋಣವೇ ಅಂತ ತಾನೇ ಕೇಳಿ, ಖಂಡಿತ ಇಲ್ಲ ಅನ್ನುತ್ತಾನೆ. ಯಾಕೋಬನ ಕಡೆಯಿಂದಲೂ ಹೀಗೇ: 1:18ರಲ್ಲಿ ದೇವರು ತನ್ನ ಚಿತ್ತದಿಂದ ವಾಕ್ಯದ ಮೂಲಕ ನಮ್ಮನ್ನು ಹುಟ್ಟಿಸಿದ ಅನ್ನುತ್ತಾನೆ, 4:6ರಲ್ಲಿ ದೀನರಿಗೆ ಕೃಪೆ ಅನ್ನುತ್ತಾನೆ.

ಹಂತ 5: ಯೇಸುವಿನ ಮಾತುಗಳನ್ನು ಹೊರಗಿಡಬೇಡಿ

ಈ ಚರ್ಚೆ ಪೌಲ ಮತ್ತು ಯಾಕೋಬರ ನಡುವೆ ಮಾತ್ರ ಅನ್ನುವ ಹಾಗೆ ಮಾಡಿಕೊಂಡುಬಿಡುತ್ತೇವೆ. ಮತ್ತಾಯ 7:21ರಿಂದ 23 ತೆಗೆಯಿರಿ. ಕರ್ತನೇ ಕರ್ತನೇ ಅನ್ನುವವರೆಲ್ಲ ಪರಲೋಕ ರಾಜ್ಯ ಸೇರುವುದಿಲ್ಲ, ತಂದೆಯ ಚಿತ್ತ ಮಾಡುವವನೇ ಸೇರುತ್ತಾನೆ. ಇದನ್ನು ಕ್ರಿಯೆಯ ಪರವಾದ ವಚನ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮುಂದಿನ ಸಾಲು ನೋಡಿ. ಹೊರಗೆ ಉಳಿದವರ ಕೈಯಲ್ಲಿ ಕ್ರಿಯೆಗಳ ಪಟ್ಟಿಯೇ ಇದೆ! ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಲಿಲ್ಲವೇ, ದೆವ್ವ ಬಿಡಿಸಲಿಲ್ಲವೇ, ಅದ್ಭುತ ಮಾಡಲಿಲ್ಲವೇ ಅಂತ ಕೇಳುತ್ತಾರೆ. ಅದಕ್ಕೆ ಸಿಗುವ ಉತ್ತರ, ನಾನು ನಿಮ್ಮನ್ನು ಎಂದೂ ತಿಳಿದಿರಲಿಲ್ಲ. ಇದರ ಜೊತೆ ಮತ್ತಾಯ 25:37 ಓದಿ. ಹಸಿದವರಿಗೆ ಊಟ ಕೊಟ್ಟವರು, ಸೆರೆಮನೆಗೆ ಹೋಗಿ ನೋಡಿದವರು ಅಲ್ಲಿ ಬೆರಗಾಗಿ ಕೇಳುತ್ತಾರೆ: ನಾವು ಯಾವಾಗ ಮಾಡಿದೆವು? ಒಂದು ಕಡೆ ಲೆಕ್ಕ ಇಟ್ಟವರು, ಇನ್ನೊಂದು ಕಡೆ ಲೆಕ್ಕವೇ ಇಡದವರು. ಈ ಎರಡು ಭಾಗಗಳನ್ನು ಒಟ್ಟಿಗೆ ಓದಿದ ದಿನ ನನಗೆ ತುಂಬಾ ಹೊತ್ತು ಪುಟ ತಿರುಗಿಸಲು ಆಗಲಿಲ್ಲ.

ಯೋಹಾನ 6:28, 29 ಕೂಡ ಸೇರಿಸಿಕೊಳ್ಳಿ. ದೇವರ ಕೆಲಸ ಮಾಡಲು ಏನು ಮಾಡಬೇಕು ಅಂತ ಜನ ಕೇಳಿದಾಗ, ದೇವರು ಕಳಿಸಿದವನನ್ನು ನಂಬುವುದೇ ಆ ಕೆಲಸ ಅಂತ ಯೇಸು ಉತ್ತರ ಕೊಡುತ್ತಾನೆ. ಯೋಹಾನ 3:36ರಲ್ಲಿ ನಂಬುವವನ ಎದುರಿಗೆ ನಿಲ್ಲಿಸಿರುವ ಗ್ರೀಕ್ ಪದಕ್ಕೆ ವಿಧೇಯನಾಗದವನು ಅನ್ನುವ ಅರ್ಥ ಇದೆ.

ಹಂತ 6: ಬಿಡಿಸಲಾಗದ ಗಂಟನ್ನು ಕತ್ತರಿಸಬೇಡಿ

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವಚನಗಳು ಉಳಿಯುತ್ತವೆ. ರೋಮಾ 2:6, ಪ್ರತಿಯೊಬ್ಬನಿಗೂ ಅವನವನ ಕ್ರಿಯೆಗಳಿಗೆ ತಕ್ಕ ಪ್ರತಿಫಲ. ಇಬ್ರಿಯ 6:4ರಿಂದ 6, ಒಮ್ಮೆ ಬೆಳಕು ಕಂಡು ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರಲು ಆಗದು ಅನ್ನುವ ಮಾತು. ಫಿಲಿಪ್ಪಿ 2:12, ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅನ್ನುವ ಮಾತು, ಅದರ ಬೆನ್ನಿಗೇ 13ರಲ್ಲಿ ನಿಮ್ಮೊಳಗೆ ಕೆಲಸ ಮಾಡುವವನು ದೇವರು ಅನ್ನುವ ಮಾತು.

ದೊಡ್ಡ ದೊಡ್ಡವರೇ ಇಲ್ಲಿ ಒದ್ದಾಡಿದ್ದಾರೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾ 3:28ಕ್ಕೆ "ಮಾತ್ರ" ಅನ್ನುವ ಪದ ಸೇರಿಸಿದ, ಅದು ಮೂಲ ಗ್ರೀಕಿನಲ್ಲಿ ಇಲ್ಲ. ನಂಬಿಕೆ ಮಾತ್ರ ಅನ್ನುವ ಜೋಡಿ ಪದ ಸತ್ಯವೇದದಲ್ಲಿ ಬರುವುದು ಯಾಕೋಬ 2:24ರಲ್ಲಿ, ಅದೂ "ಅಲ್ಲ" ಅನ್ನುವುದರ ಜೊತೆ. ಬೇರೆ ಪುಸ್ತಕಗಳಿಗೆ ಹೋಲಿಸಿ ಯಾಕೋಬನ ಪತ್ರಿಕೆಯನ್ನು ಅವನು ಹುಲ್ಲಿನ ಪತ್ರಿಕೆ ಅಂತಲೂ ಕರೆದ. ಆದರೆ ಅದೇ ವರ್ಷ ರೋಮಾ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ಬೆಂಕಿಯಿಂದ ಶಾಖವನ್ನೂ ಬೆಳಕನ್ನೂ ಬೇರೆ ಮಾಡಲು ಆಗದ ಹಾಗೆ ನಂಬಿಕೆಯಿಂದ ಕ್ರಿಯೆಗಳನ್ನು ಬೇರೆ ಮಾಡಲು ಆಗದು ಅನ್ನುವ ಅರ್ಥದ ಮಾತನ್ನೂ ಅವನೇ ಬರೆದ. ಲೂಥರನ ವಾದಕ್ಕೆ ಎದುರಾಗಿ 1547ರಲ್ಲಿ ಟ್ರೆಂಟ್ ಮಹಾಸಭೆ (ಕಥೋಲಿಕ ಬಿಷಪ್‌ಗಳ ಸಭೆ) ಕಥೋಲಿಕ ಸಭೆಯ ನಿಲುವನ್ನು ತೀರ್ಮಾನಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ನಮ್ಮ ಯೋಗ್ಯತೆಯಿಂದ ಅಲ್ಲ, ಅದೇ ಕೃಪೆ ನಮ್ಮನ್ನು ಒಳ್ಳೆಯ ಕ್ರಿಯೆಗಳಿಗೆ ಕರೆಯುತ್ತದೆ ಅಂತ ಎರಡೂ ಕಡೆಯವರು ಒಟ್ಟಿಗೆ ಹೇಳಿದರು. ಎಲ್ಲಾ ಭಿನ್ನಾಭಿಪ್ರಾಯ ಅಲ್ಲಿಗೆ ಮುಗಿಯಲಿಲ್ಲ. ಆದರೂ 450 ವರ್ಷ ಬೇಕಾದ ಮಾತನ್ನು ನೀವು ಒಂದು ಸಂಜೆಯಲ್ಲಿ ಬಗೆಹರಿಸಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಖಾಲಿ ಬಿಡಿ. ನನ್ನ ಇಬ್ರಿಯ 6ರ ಪುಟ ಇವತ್ತಿಗೂ ಅರ್ಧ ಖಾಲಿ ಇದೆ.

ಹಂತ 7: ಯಾರಿಗೆ ಓದುತ್ತಿದ್ದೀರಿ ಅಂತ ನೋಡಿ

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಗೆ ಪ್ರಾರ್ಥನೆಗೆ ಹೋಗಿದ್ದೆವು. ಓದುವ ಭಾಗ ಆರಿಸಿದ್ದು ನಾನೇ. ಆ ವಾರ ನಾನು ಯಾಕೋಬನ ಪತ್ರಿಕೆ ಓದುತ್ತಿದ್ದೆ, ಅದನ್ನೇ ತೆಗೆದೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂತ ಓದಿ ಮುಗಿಸಿದೆ. ಅಜ್ಜಿ ಸುಮ್ಮನೆ ಮಲಗಿದ್ದರು. ಆಮೇಲೆ ಮೆಲ್ಲಗೆ, "ಮಗಾ, ನನಗೆ ಈಗ ಎದ್ದು ಕೂರೋಕೂ ಆಗಲ್ಲ. ಹಾಗಾದ್ರೆ ನಂದು ಸತ್ತ ನಂಬಿಕೆನಾ?" ಅಂದರು. ಅವರ ಕೈ ಹೊದಿಕೆಯ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಇತ್ತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಜೊತೆಗಿದ್ದ ಅಕ್ಕ ಒಬ್ಬರು ಮಂಚದ ಮೇಲೆ ಕೂತು, ಅಜ್ಜಿಯ ಕೈ ಹಿಡಿದುಕೊಂಡು, ಲೂಕ 23:42 ಮತ್ತು 43 ಓದಿದರು. ಶಿಲುಬೆಯ ಮೇಲಿದ್ದ ಕಳ್ಳ. ಅವನ ಕೈಕಾಲು ಕಟ್ಟಿಹೋಗಿತ್ತು, ಮಾಡಲು ಇನ್ನೇನೂ ಉಳಿದಿರಲಿಲ್ಲ. ನನ್ನನ್ನು ನೆನಸಿಕೋ ಅಂದ. ಅವನಿಗೆ ಯೇಸುವಿನಿಂದ ಸಿಕ್ಕ ಉತ್ತರ, ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ.

ಯಾಕೋಬ ಬರೆದದ್ದು ಕಂಬಳಿ ಇದ್ದೂ ಕೊಡದವರಿಗೆ. ನಾನು ಓದಿದ್ದು ಕೊಡಲು ಏನೂ ಉಳಿಯದವರಿಗೆ. ವಚನ ಸರಿಯಾಗಿತ್ತು, ವಿಳಾಸ ತಪ್ಪಿತ್ತು.

ಅದಕ್ಕೇ ಈಗ ಓದುವ ಮೊದಲು ನನಗೆ ನಾನೇ ಕೇಳಿಕೊಳ್ಳುತ್ತೇನೆ: ಎದುರಿಗಿರುವವರು ತಮ್ಮ ಒಳ್ಳೆಯತನದ ಲೆಕ್ಕದಲ್ಲಿ ಸೋತು ಕುಗ್ಗಿದ್ದಾರಾ? ಹಾಗಾದರೆ ರೋಮಾ 4:5, ಲೂಕ 18ರ ಸುಂಕದವನ ಪ್ರಾರ್ಥನೆ. ಬಾಯಲ್ಲಿ ವಿಶ್ವಾಸ ತುಂಬಿ, ಪಕ್ಕದವರ ಹಸಿವಿಗೆ ಕಣ್ಣು ಮುಚ್ಚಿಕೊಂಡಿದ್ದಾರಾ? ಹಾಗಾದರೆ ಯಾಕೋಬ 2, 1 ಯೋಹಾನ 3:17. ನನ್ನ ಮಟ್ಟಿಗೆ ಹೇಳುವುದಾದರೆ, ಆರಾಮಾಗಿರುವ ದಿನ ನನಗೆ ಯಾಕೋಬ ಬೇಕು, ಬಿದ್ದ ದಿನ ಪೌಲ ಬೇಕು. ಮನಸ್ಸು ಕೇಳುವುದು ಮಾತ್ರ ಯಾವಾಗಲೂ ಉಲ್ಟಾ.

ಗುಂಪಿನಲ್ಲಿ ಓದುವುದಾದರೆ ಒಂದು ಗಂಟೆ ಸಾಕು. ಮೊದಲು ಅಬ್ರಹಾಮನ ಗೆರೆಯನ್ನು ಎಲ್ಲರೂ ಸೇರಿ ಎಳೆಯಿರಿ, ವಯಸ್ಸುಗಳನ್ನು ಒಬ್ಬೊಬ್ಬರು ಹುಡುಕಿ ಹೇಳಲಿ. ಆಮೇಲೆ ರೋಮಾ 4 ಮತ್ತು ಯಾಕೋಬ 2ನ್ನು ಜೋರಾಗಿ ಓದಿಸಿ. ಅಲ್ಲಿಯವರೆಗೂ ಯಾರೂ ತಮ್ಮ ಅಭಿಪ್ರಾಯ ಹೇಳುವುದು ಬೇಡ. ಕೊನೆಯ ಹತ್ತು ನಿಮಿಷ 15ಕ್ಕೂ 22ಕ್ಕೂ ನಡುವಿನ ಅಧ್ಯಾಯಗಳಿಗೆ ಇಟ್ಟುಕೊಳ್ಳಿ. ಯಾವತ್ತೂ ಬಾಯಿ ಬಿಡದವರು ಮಾತಾಡುವುದು ಅಲ್ಲೇ.